ಅಂಧರಿಗೆ ಯಾವುದು ಅನುಕೂಲ: ಬ್ರೈಲ್ ನೋಟ್‌ಟೇಕರೋ, ಗಣಕಯಂತ್ರವೋ?

ದೃಷ್ಟಿಹೀನರ ಓದು-ಬರಹಕ್ಕೆ ಒದಗುವ ವಿದ್ಯುನ್ಮಾನ ಸಾಧನಗಳಲ್ಲಿ ಎರಡು ಬಗೆಗಳು ಪ್ರಮುಖ. ಒಂದು, ಬ್ರೈಲ್ ಕೀಲಿಗಳುಳ್ಳ ಪುಟ್ಟ ನೋಟ್‌ಟೇಕರ್. ಇನ್ನೊಂದು, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವುಳ್ಳ ಸಾಮಾನ್ಯ ಗಣಕಯಂತ್ರ. ಆಯ್ಕೆಯ ವೇಳೆ ಬೆಲೆಯಷ್ಟೇ ಮುಖ್ಯವಾದ ಪ್ರಶ್ನೆಯೊಂದಿದೆ: ಓದು ಕಿವಿಯಿಂದಲೋ, ಬೆರಳಿನಿಂದಲೋ?

ನೋಟ್‌ಟೇಕರ್
ಅಮೆರಿಕದ ಬ್ಲೇಝಿ ಎಂಜಿನಿಯರಿಂಗ್ ಸಂಸ್ಥೆ 1987ರಲ್ಲಿ ಹೊರತಂದ ‘ಬ್ರೈಲ್ ಎನ್ ಸ್ಪೀಕ್’ ಈ ವರ್ಗದ ಆರಂಭಿಕ ಸಾಧನಗಳಲ್ಲೊಂದು. ಬ್ರೈಲ್‌ನಲ್ಲಿ ಬರೆದುದನ್ನು ಅದು ಧ್ವನಿಯಲ್ಲಿ ಓದುತ್ತಿತ್ತು. ಇಂದಿನ ನೋಟ್‌ಟೇಕರ್‌ಗಳಲ್ಲಿ ಸಾಮಾನ್ಯವಾಗಿ ಏಳುಬೀಳುವ ಚುಕ್ಕಿಗಳ ಬ್ರೈಲ್ ಸಾಲೂ ಇರುತ್ತದೆ. ಗುಂಡಿ ಒತ್ತಿದೊಡನೆ ಬರೆಯಲು ಸಿದ್ಧ. ತರಗತಿಗೆ, ಸಭೆಗೆ ಒಯ್ಯುವುದೂ ಸುಲಭ.

ತೊಡಕು ಬೆಲೆಯದು. ಒಂದು ಕೋಶಕ್ಕೆ 8 ಚುಕ್ಕಿಗಳಂತೆ 32 ಕೋಶಗಳ ಸಾಲಿಗೆ 256 ಸೂಕ್ಷ್ಮ ಕಡ್ಡಿಗಳು ಬೇಕು. ಒಂದೊಂದೂ ಪ್ರತ್ಯೇಕವಾಗಿ ಚಲಿಸಬೇಕು. ಆದ್ದರಿಂದಲೇ ಬೆಲೆ ಲಕ್ಷಗಳಲ್ಲಿದೆ. ದುರಸ್ತಿಗೂ ತಜ್ಞರೇ ಬೇಕು.

ಗಣಕಯಂತ್ರ
ವಿಂಡೋಸ್‌ನಲ್ಲಿ ಬಳಕೆಯಲ್ಲಿರುವ ‘ಜಾಸ್’ ತಂತ್ರಾಂಶದ ಮೊದಲ ಆವೃತ್ತಿ 1989ರಲ್ಲಿ ಡಾಸ್‌ಗಾಗಿ ಬಂದಿತು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಗೊಂಡ ‘ಎನ್‌ವಿಡಿಎ’ ಉಚಿತ, ಕನ್ನಡವನ್ನೂ ಓದುತ್ತದೆ. ಕಚೇರಿ ಕೆಲಸ, ಅಂತರಜಾಲ, ಲೆಕ್ಕಪತ್ರಗಳಿಗೆ ಗಣಕಯಂತ್ರವೇ ಸಮರ್ಥ. ಕಣ್ಣುಳ್ಳ ಸಹೋದ್ಯೋಗಿಗಳು ಬಳಸುವ ಕಡತವನ್ನೇ ಇಲ್ಲಿಯೂ ಬಳಸಬಹುದು.

ಕನ್ನಡದ ಮಟ್ಟಿಗೆ ಎಚ್ಚರಿಕೆಯೊಂದು ಅಗತ್ಯ. ಪಠ್ಯ ಯೂನಿಕೋಡ್‌ನಲ್ಲಿರಬೇಕು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಯ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಇಂತಹ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಬಳಿಕವೇ ಓದಿಸಲು ಸಾಧ್ಯ.

ಕಾಗುಣಿತದ ಪ್ರಶ್ನೆ
ಕೇಳಿಯೇ ಓದುವವರಿಗೆ ವೇಗ ಸಿಗುತ್ತದೆ. ಕಾಗುಣಿತ ಸಿಗುವುದು ಕಷ್ಟ. ‘ವಿಶೇಷ’ದಲ್ಲಿ ಶಕಾರ ಎಲ್ಲಿ, ಷಕಾರ ಎಲ್ಲಿ ಎಂಬುದು ಕಿವಿಗೆ ಸುಲಭವಾಗಿ ತಿಳಿಯದು. ಭಾರತೀಯ ಭಾಷೆಗಳಿಗೆ 1951ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಚುಕ್ಕಿಗಳಿವೆ. ಬೆರಳಿಗೆ ಭೇದ ತಕ್ಷಣ ತಿಳಿಯುತ್ತದೆ. ಅಕ್ಷರಾಭ್ಯಾಸದ ಹಂತದ ಮಕ್ಕಳಿಂದ ಈ ಅನುಭವವನ್ನು ಕಸಿಯಬಾರದು.

ಮಧ್ಯಮ ಮಾರ್ಗ
ಗಣಕಯಂತ್ರ ಅಥವಾ ಮೊಬೈಲ್‌ಗೆ ಬ್ರೈಲ್ ಸಾಲನ್ನು ಜೋಡಿಸಿ ಎರಡರ ಲಾಭವನ್ನೂ ಪಡೆಯಬಹುದು. 20 ಕೋಶಗಳ ‘ಆರ್ಬಿಟ್ ರೀಡರ್’ನಂತಹ ಸಾಧನಗಳು ನೋಟ್‌ಟೇಕರ್‌ಗಿಂತ ಬಹಳ ಅಗ್ಗ. ಉದ್ಯೋಗಾಕಾಂಕ್ಷಿಗಳು ಮೊದಲು ಗಣಕಯಂತ್ರ ಕಲಿಯುವುದು ಲೇಸು. ಶಾಲಾ ಮಕ್ಕಳಿಗೆ ಮೊದಲು ಬ್ರೈಲ್, ಅನಂತರ ಗಣಕಯಂತ್ರ. ಹಣ ತೆರುವ ಮುನ್ನ ಬಳಸುವವರೇ ಸಾಧನವನ್ನು ಮುಟ್ಟಿ, ಕನ್ನಡದಲ್ಲಿ ಬರೆದು ಓದಿ ನೋಡುವುದು ಒಳಿತು.