ಓಖ್ಲಾದಲ್ಲೊಂದು ಮಕ್ಕಳ ತೋಟ

ಯಮುನೆಯ ದಡದ ಓಖ್ಲಾದಲ್ಲಿ 1935ರ ಮಾರ್ಚ್ 1ರಂದು ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಕಟ್ಟಡಕ್ಕೆ ಅಸ್ತಿಭಾರ ಬಿದ್ದಿತು. ಕಲ್ಲನ್ನಿಟ್ಟ ಕೈ ಯಾವ ಮುಖಂಡರದೂ ಅಲ್ಲ; ಸಂಸ್ಥೆಯ ಅತ್ಯಂತ ಕಿರಿಯ ವಿದ್ಯಾರ್ಥಿಯದು. ಮಗುವಿಗೆ ಅಗ್ರಪೀಠವೆಂಬುದು ಅಲ್ಲಿ ಬರಿಯ ಮಾತಾಗಿರಲಿಲ್ಲ.

1920ರಲ್ಲಿ ಅಲಿಗಢದಲ್ಲಿ ಹುಟ್ಟಿ, 1925ರಲ್ಲಿ ದೆಹಲಿಗೆ ಬಂದ ಈ ಸಂಸ್ಥೆಯನ್ನು ಮುಂದೆ ರಾಷ್ಟ್ರಪತಿಗಳಾದ ಡಾ. ಜಾಕಿರ್ ಹುಸೇನರು ಬಡತನದಲ್ಲಿಯೇ ನಡೆಸಿದರು. ಅವರಿಗೆ ಬರ್ಲಿನ್ನಿನಲ್ಲಿ ಪರಿಚಯವಾಗಿದ್ದ ಯೆಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬಾರ್ನ್ 1930ರ ದಶಕದ ಆರಂಭದಲ್ಲಿ ಜಾಮಿಯಾಕ್ಕೆ ಬಂದು, ಚಿಕ್ಕ ಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡರು. ಮಕ್ಕಳಿಗೆ ಆಕೆ ‘ಆಪಾ ಜಾನ್’, ಎಂದರೆ ಪ್ರೀತಿಯ ಅಕ್ಕ. ಯುದ್ಧ ಬಂದಾಗ ಜರ್ಮನ್ ಪ್ರಜೆಯೆಂದು ಸರಕಾರ ಆಕೆಯನ್ನು ಬಂಧನದಲ್ಲಿರಿಸಿತು. 1943ರಲ್ಲಿ ತೀರಿಕೊಂಡ ಆಕೆಯ ಸಮಾಧಿ ಜಾಮಿಯಾದ ರುದ್ರಭೂಮಿಯಲ್ಲಿದೆ. ಅಲ್ಲಿನ ಶಿಶುಪಾಲನಾ ಕೇಂದ್ರಕ್ಕೆ ಆಕೆಯ ಹೆಸರಿದೆ.

ಆಕೆಯ ನಾಡಿನವನೇ ಆದ ಫ್ರೋಬೆಲ್ 1837ರಲ್ಲಿ ತೆರೆದ ಶಾಲೆಗೆ ‘ಮಕ್ಕಳ ತೋಟ’ವೆಂದು ಹೆಸರಿಟ್ಟಿದ್ದನು. ಕನ್ನಡದ ‘ಶಿಶುವಿಹಾರ’ ಎಂಬ ಮಾತಿನ ಭಾವವೂ ಅದೇ. ನಮ್ಮ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ ಹಾಡು, ಆಟ, ಕಲಿಕಾ ಕಾರ್ಡುಗಳಿಂದ ಹಳ್ಳಿಯ ಶಾಲೆಗಳ ಮುಖವನ್ನೇ ಬದಲಿಸಹೊರಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗೆ ಆಟವೇ ಕಲಿಕೆಯ ತಳಹದಿಯೆಂದಿದೆ.

ಆದರೂ ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲು ತುರುಕಿ, ಎಷ್ಟು ಪುಟ ಬರೆಯಿತೆಂದು ಲೆಕ್ಕ ಕೇಳುವವರು ನಾವೇ. ಬಾಲ್ಯವು ಮೂಲಧನ, ಅದನ್ನೇ ಕರಗಿಸಿದರೆ ಬಡ್ಡಿ ಎಲ್ಲಿಂದ ಬರಬೇಕು? ದೆಹಲಿಯ ಕನ್ನಡದ ಮನೆಗಳಲ್ಲಿ ಅಳಗುಳಿಮನೆ, ಕಣ್ಣಾಮುಚ್ಚಾಲೆಗಳು ಮತ್ತೆ ಕಾಣಿಸಲಿ. ಎಣಿಕೆಯೂ ಬಂದೀತು, ಕನ್ನಡವೂ ಉಳಿದೀತು.