ಎಳೆಯ ಆಟಗಾರನನ್ನು ಮೇಲೇರಿಸುವ ಹೊತ್ತು: ಚರಿತ್ರೆ ಹೇಳುವ ಮಾತು

ಬೆಳೆಯುವ ಸಿರಿಯನ್ನು ಮೊಳಕೆಯಲ್ಲೇ ಕಾಣಬಹುದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಅನುಭವಿಯಾದ ರೈತನಿಗೆ ಒಳ್ಳೆಯ ಸಸಿಯನ್ನು ಗುರುತಿಸುವುದು ಕಷ್ಟವಲ್ಲ. ಅದನ್ನು ಸಸಿಮಡಿಯಿಂದ ಕಿತ್ತು ಗದ್ದೆಯಲ್ಲಿ ನೆಡುವ ದಿನವನ್ನು ಗೊತ್ತುಮಾಡುವಾಗ ಅವನೂ ಎರಡು ಬಾರಿ ಆಲೋಚಿಸುತ್ತಾನೆ. ಬೇಗ ಕಿತ್ತರೆ ಬೇರು ಹಿಡಿಯದು, ತಡವಾದರೆ ಸಸಿಯ ಕಸುವೇ ಉಡುಗುತ್ತದೆ. ಕ್ರೀಡಾಲೋಕದಲ್ಲಿಯೂ ಆಯ್ಕೆಗಾರರು ಇದೇ ಇಕ್ಕಟ್ಟನ್ನು ಎದುರಿಸುತ್ತಾರೆ. ಪ್ರತಿಭಾವಂತನಾದ ಎಳೆಯನನ್ನು ಹಿರಿಯರ ತಂಡಕ್ಕೆ ಯಾವಾಗ ಸೇರಿಸಬೇಕು? ಗೋವೆಯ ಮತ್ತು ಕರ್ನಾಟಕದ ಕ್ರಿಕೆಟ್ ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾವು ನೆಲೆಸಿರುವ ಈ ನೆಲದಿಂದಲೇ ಆರಂಭಿಸೋಣ. ದಿಲೀಪ್ ಸರ್ದೇಸಾಯಿ ಅವರು ಜನಿಸಿದ್ದು 1940ರ ಆಗಸ್ಟ್ 8ರಂದು, ಮಡಗಾಂವದಲ್ಲಿ. ಆಗ ಗೋವಾ ಪೋರ್ಚುಗೀಸರ ಆಡಳಿತದಲ್ಲಿತ್ತು. ಇಲ್ಲಿನ ಹುಡುಗನೊಬ್ಬ ಭಾರತ ತಂಡವನ್ನು ಸೇರಲು ಬೇಕಾದ ಮೆಟ್ಟಿಲುಗಳೇ ಇಲ್ಲಿರಲಿಲ್ಲ. 1957ರಲ್ಲಿ ಅವರು ಮುಂಬಯಿಗೆ ಹೋದರು. 1959–60ರ ರೋಹಿಂಟನ್ ಬಾರಿಯಾ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ 435 ಓಟಗಳನ್ನು ಗಳಿಸಿದರು. ಮರುವರ್ಷ ಪ್ರವಾಸಿ ಪಾಕಿಸ್ತಾನ ತಂಡದ ಎದುರು ಪುಣೆಯಲ್ಲಿ ವಿಶ್ವವಿದ್ಯಾಲಯಗಳ ಪರವಾಗಿ 87, ಬೆಂಗಳೂರಿನಲ್ಲಿ ಮಂಡಳಿ ಅಧ್ಯಕ್ಷರ ತಂಡದ ಪರವಾಗಿ ಅಜೇಯ 106 ಓಟಗಳನ್ನು ಗಳಿಸಿದರು. ಹೀಗೆ ಒಂದೊಂದು ಮೆಟ್ಟಿಲನ್ನೂ ತುಳಿದ ಬಳಿಕ, 1961ರ ಡಿಸೆಂಬರ್ 1ರಂದು ಕಾನ್ಪುರದಲ್ಲಿ ಆರಂಭವಾದ ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಪಂದ್ಯದಲ್ಲಿ ಅವರಿಗೆ ಸ್ಥಾನ ದೊರೆಯಿತು. ಗೋವಾ ವಿಮೋಚನೆಗೊಂಡದ್ದು ಅದೇ ಡಿಸೆಂಬರ್ 19ರಂದು. ಅಂದರೆ ಗೋವಾ ಭಾರತವನ್ನು ಸೇರುವುದಕ್ಕೆ ಹದಿನೆಂಟು ದಿನ ಮುಂಚೆಯೇ ಗೋವೆಯ ಮಗನೊಬ್ಬ ಭಾರತದ ಪರವಾಗಿ ಆಡಿಯಾಗಿತ್ತು!

ಆ ಮೊದಲ ಪಂದ್ಯದಲ್ಲಿ ಅವರು ಗಳಿಸಿದ್ದು 28 ಓಟ ಮಾತ್ರ. ಮುಂದಿನ ವರ್ಷಗಳಲ್ಲಿ ಏಳುಬೀಳುಗಳೆರಡನ್ನೂ ಕಂಡರು. ಮೂವತ್ತು ದಾಟಿದ್ದ ಅವರು 1971ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಆಯ್ಕೆಯಾದಾಗ ಹುಬ್ಬೇರಿಸಿದವರು ಕಡಿಮೆಯೇನಲ್ಲ. ಆ ಸರಣಿಯಲ್ಲಿ ಕಿಂಗ್‌ಸ್ಟನ್ನಿನ 212 ಸೇರಿದಂತೆ ಮೂರು ಶತಕಗಳೊಡನೆ 642 ಓಟಗಳನ್ನು ಗಳಿಸಿ, ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಪ್ರಥಮ ಸರಣಿ ವಿಜಯಕ್ಕೆ ಅಡಿಗಲ್ಲಾದರು. ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದ ವಿಜಯ್ ಮರ್ಚೆಂಟ್ ಅವರು ಸರ್ದೇಸಾಯಿಯವರನ್ನು ಭಾರತೀಯ ಕ್ರಿಕೆಟ್ಟಿನ ಪುನರುತ್ಥಾನದ ಪುರುಷ ಎಂದು ಬಣ್ಣಿಸಿದರು. ಮೇಲೇರುವುದು ಒಮ್ಮೆಗೇ ಮುಗಿದುಹೋಗುವ ಕಾರ್ಯವಲ್ಲವೆಂಬುದಕ್ಕೆ ಮಡಗಾಂವದ ಈ ಮಹನೀಯರ ಬಾಳೇ ಮೊದಲ ನಿದರ್ಶನ.

ಗೋವಾ ತಂಡ ರಣಜಿ ಟ್ರೋಫಿಗೆ ಪ್ರವೇಶ ಪಡೆದದ್ದು 1985–86ರಲ್ಲಿ. ಗೋವಾ ರಾಜ್ಯವಾದದ್ದು 1987ರ ಮೇ 30ರಂದು. ರಾಜ್ಯಪದವಿಗಿಂತ ಮೊದಲೇ ಕ್ರಿಕೆಟ್ಟಿನ ಮೆಟ್ಟಿಲು ಕಟ್ಟಲ್ಪಟ್ಟಿತು. ಅನಂತರ ಬೆಳೆದವರಲ್ಲಿ ಶಿಖಾ ಪಾಂಡೆ ಅವರನ್ನು ಇಲ್ಲಿ ನೆನೆಯಬೇಕು. ಹದಿಹರೆಯದಲ್ಲೇ ಗೋವಾ ಮಹಿಳಾ ತಂಡದಲ್ಲಿ ಆಡತೊಡಗಿದ ಅವರು ಎಂಜಿನಿಯರಿಂಗ್ ಓದಿ, ವಾಯುಪಡೆಯ ಅಧಿಕಾರಿಯಾಗಿ, 2014ರಲ್ಲಿ ಭಾರತದ ಪರವಾಗಿ ಆಡಿದರು. ಆಗ ಅವರ ವಯಸ್ಸು 24. ಕಾದ ವರ್ಷಗಳಲ್ಲಿ ಒಂದು ಪದವಿ, ಒಂದು ಉದ್ಯೋಗ, ಒಂದು ಶಿಸ್ತು ಅವರ ಕೈಸೇರಿದ್ದವು.

ಇನ್ನು ತವರಿನತ್ತ ತಿರುಗೋಣ. 1960ರ ದಶಕದ ಮೈಸೂರು ತಂಡ ನಮ್ಮ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಕೊಡುತ್ತದೆ. ಬಿ.ಎಸ್. ಚಂದ್ರಶೇಖರ್ ಅವರು ರಣಜಿ ಪಂದ್ಯಗಳನ್ನು ಆಡತೊಡಗಿದ ಋತುವಿನಲ್ಲಿಯೇ, 1964ರ ಜನವರಿಯಲ್ಲಿ, ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದರು. ಹದಿನೆಂಟರ ಹುಡುಗ, ಬಾಲ್ಯದಲ್ಲಿ ಪೋಲಿಯೊಗೆ ತುತ್ತಾದ ಬಲಗೈ. ಮೊದಲ ಸರದಿಯಲ್ಲಿಯೇ ನಾಲ್ಕು ವಿಕೆಟ್ ಪಡೆದರು. ಇಷ್ಟು ಶೀಘ್ರವಾಗಿ ಮೇಲೇರಿದ ಅವರೂ 1967–68ರ ಆಸ್ಟ್ರೇಲಿಯಾ ಪ್ರವಾಸದ ನಂತರ ಮೂರು ವರ್ಷಗಳಿಗೂ ಹೆಚ್ಚು ಕಾಲ ಟೆಸ್ಟ್ ತಂಡದಿಂದ ಹೊರಗಿದ್ದರು. 1971ರಲ್ಲಿ ಹಿಂದಿರುಗಿ ಓವಲ್‌ನಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತದ ಪ್ರಥಮ ಟೆಸ್ಟ್ ಗೆಲುವನ್ನು ದೊರಕಿಸಿಕೊಟ್ಟರು.

ಇ.ಎ.ಎಸ್. ಪ್ರಸನ್ನ ಅವರ ಕಥೆ ಮತ್ತಷ್ಟು ಬೋಧಪ್ರದ. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದ ಈ ಯುವಕ, ಎಂಜಿನಿಯರಿಂಗ್ ಪದವಿಯನ್ನು ಪೂರೈಸುವುದಕ್ಕಾಗಿ ದೊಡ್ಡ ಆಟದಿಂದ ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ಐದು ವರ್ಷ ಹೊರಗಿದ್ದವರನ್ನು ಲೋಕ ಮರೆಯುವುದೇ ರೂಢಿ. ಪ್ರಸನ್ನ ಅವರು ಮರಳಿ ಬಂದು 49 ಟೆಸ್ಟ್‌ಗಳಲ್ಲಿ 189 ವಿಕೆಟ್‌ಗಳನ್ನು ಗಳಿಸಿ ಜಗತ್ತಿನ ಶ್ರೇಷ್ಠ ಆಫ್ ಸ್ಪಿನ್ನರುಗಳ ಸಾಲಿಗೆ ಸೇರಿದರು.

ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರು 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ತಮ್ಮ ಪ್ರಥಮ ರಣಜಿ ಪಂದ್ಯದಲ್ಲೇ 230 ಓಟಗಳನ್ನು ಗಳಿಸಿದರು. ಮರುದಿನವೇ ಅವರನ್ನು ಭಾರತ ತಂಡಕ್ಕೆ ಸೇರಿಸಬೇಕಿತ್ತೆಂದು ಯಾರಾದರೂ ವಾದಿಸಬಹುದಿತ್ತು. ಅವರಿಗೆ ಕರೆ ಬಂದದ್ದು ಎರಡು ವರ್ಷಗಳ ನಂತರ, 1969ರ ನವೆಂಬರಿನಲ್ಲಿ, ಕಾನ್ಪುರದ ಟೆಸ್ಟಿಗೆ. ಆಸ್ಟ್ರೇಲಿಯಾ ವಿರುದ್ಧ ಮೊದಲ ಸರದಿಯಲ್ಲಿ ಸೊನ್ನೆ! ಎರಡನೆಯ ಸರದಿಗೆ ಮುನ್ನ ನಾಯಕ ಪಟೌಡಿಯವರು, ಚಿಂತೆ ಬೇಡ, ನೀನು ಶತಕ ಬಾರಿಸುವೆ ಎಂದು ಧೈರ್ಯ ತುಂಬಿದ್ದನ್ನು ವಿಶ್ವನಾಥ್ ಅವರು ಅನೇಕ ಸಲ ಸ್ಮರಿಸಿದ್ದಾರೆ. ಅವರು ಗಳಿಸಿದ್ದು 137. ಅದಕ್ಕೆ ಮೊದಲು ಚೊಚ್ಚಲ ಟೆಸ್ಟಿನಲ್ಲಿ ಶತಕ ಬಾರಿಸಿದ್ದ ಐವರು ಭಾರತೀಯರಲ್ಲಿ ಯಾರಿಗೂ ಎರಡನೆಯ ಟೆಸ್ಟ್ ಶತಕ ಒಲಿದಿರಲಿಲ್ಲ. ವಿಶ್ವನಾಥ್ ಅವರು 91 ಟೆಸ್ಟ್‌ಗಳಲ್ಲಿ 14 ಶತಕಗಳನ್ನು ಬಾರಿಸಿದರು. ಏರಿಸಿದ ದಿನಕ್ಕಿಂತ, ಏರಿದವನು ಎಡವಿದ ಗಳಿಗೆಯಲ್ಲಿ ಪಕ್ಕದಲ್ಲಿದ್ದವರು ಆಡಿದ ಮಾತು ದೊಡ್ಡದೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ಕಾಸರಗೋಡು ಸೀಮೆಯ ಕುಂಬಳೆಯನ್ನು ತಮ್ಮ ಹೆಸರಿನಲ್ಲಿ ಹೊತ್ತ ಅನಿಲ್ ಕುಂಬ್ಳೆ ಅವರು 1989ರಲ್ಲಿ ರಣಜಿ ಪ್ರವೇಶಿಸಿ, 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಟೆಸ್ಟ್ ಆಡಿದರು. ವಯಸ್ಸು 19. ಆ ಒಂದು ಪಂದ್ಯದ ನಂತರ ಎರಡು ವರ್ಷ ಟೆಸ್ಟ್ ಇಲ್ಲ. ಅವರು ಕರ್ನಾಟಕ ತಂಡಕ್ಕೆ ಮರಳಿದರು, ಎಂಜಿನಿಯರಿಂಗ್ ಓದನ್ನು ಪೂರೈಸಿದರು, ಬೌಲಿಂಗನ್ನು ಹದಗೊಳಿಸಿಕೊಂಡರು. 1992ರಲ್ಲಿ ದೆಹಲಿಯಲ್ಲಿ ನಡೆದ ಇರಾನಿ ಟ್ರೋಫಿ ಪಂದ್ಯದಲ್ಲಿ 13 ವಿಕೆಟ್ ಪಡೆದು ಟೆಸ್ಟ್ ತಂಡದ ಬಾಗಿಲನ್ನು ಮತ್ತೆ ತೆರೆಸಿಕೊಂಡರು. ಮುಂದಿನ 619 ವಿಕೆಟ್‌ಗಳ ಚರಿತ್ರೆ ಕನ್ನಡಿಗರೆಲ್ಲರಿಗೂ ಕಂಠಪಾಠ.

ರಾಹುಲ್ ದ್ರಾವಿಡ್ ಅವರದು ಇದಕ್ಕೆ ವ್ಯತಿರಿಕ್ತವಾದ ದಾರಿ. 1991ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ರಣಜಿ ಪ್ರವೇಶ, ವಯಸ್ಸು 18, ಗಳಿಸಿದ್ದು 82. ಟೆಸ್ಟ್ ಪ್ರವೇಶ 1996ರ ಜೂನ್‌ನಲ್ಲಿ, ಲಾರ್ಡ್ಸ್‌ನಲ್ಲಿ, ಗಳಿಸಿದ್ದು 95. ನಡುವೆ ಐದು ದೀರ್ಘ ವರ್ಷಗಳು. ಆ ವರ್ಷಗಳಲ್ಲಿ ಅವರು ಆಡದೆ ಕುಳಿತಿರಲಿಲ್ಲ. ಬಗೆಬಗೆಯ ಪಿಚ್ಚುಗಳಲ್ಲಿ, ಬಗೆಬಗೆಯ ಬೌಲರುಗಳೆದುರು, ದಿನವಿಡೀ ನಿಂತು ಆಡುವುದನ್ನು ಕಲಿತರು. ಕಾಯುವುದು ಫಲಿಸಬೇಕಾದರೆ ಕಾಯುವ ಸ್ಥಳದಲ್ಲಿ ಕೆಲಸವಿರಬೇಕು.

ಹಾಗಾದರೆ ಸಚಿನ್ ತೆಂಡೂಲ್ಕರ್ ಅವರ ವಿಷಯವೇನೆಂದು ಓದುಗರು ಕೇಳಬಹುದು. 1989ರ ನವೆಂಬರ್ 15ರಂದು ಕರಾಚಿಯಲ್ಲಿ ಟೆಸ್ಟ್ ಪ್ರವೇಶಿಸಿದಾಗ ಅವರ ವಯಸ್ಸು 16 ವರ್ಷ 205 ದಿನ. ಅದೊಂದು ಸಾಹಸವೆಂದೇ ನಾವು ನೆನೆಯುತ್ತೇವೆ. ಅದರ ಹಿಂದಿದ್ದ ಎಚ್ಚರವನ್ನು ಮರೆಯುತ್ತೇವೆ. ಹದಿನಾಲ್ಕರಲ್ಲಿ ಅವರನ್ನು ಮುಂಬಯಿ ರಣಜಿ ತಂಡಕ್ಕೆ ಆರಿಸಿದರೂ ಹನ್ನೊಂದರಲ್ಲಿ ಆಡಿಸದೆ ಹಿರಿಯರ ಜೊತೆಗಿರಿಸಿದರು. 1988ರ ಡಿಸೆಂಬರಿನಲ್ಲಿ ಗುಜರಾತ್ ವಿರುದ್ಧ ಆಡಿಸಿದಾಗ ಶತಕ ಬಾರಿಸಿದರು. 1989ರ ಆರಂಭದ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಅವರ ಹೆಸರು ಚರ್ಚೆಗೆ ಬಂದಾಗ, ಅಲ್ಲಿನ ವೇಗದ ಬೌಲರುಗಳ ಬಾಯಿಗೆ ಈ ಬಾಲಕನನ್ನು ಈಗಲೇ ಒಡ್ಡುವುದು ಬೇಡವೆಂದು ಆಯ್ಕೆಗಾರರು ತಡೆದರು. ವರ್ಷ ಮುಗಿಯುವುದರೊಳಗೆ ಪಾಕಿಸ್ತಾನಕ್ಕೆ ಕಳುಹಿಸಿದವರೂ ಆಯ್ಕೆಗಾರರೇ.

ಎಲ್ಲರಿಗೂ ಹಾಗಾಗಲಿಲ್ಲ. ಎಲ್. ಶಿವರಾಮಕೃಷ್ಣನ್ ಅವರು 1983ರಲ್ಲಿ, 17ನೆಯ ವಯಸ್ಸಿನಲ್ಲಿ ಟೆಸ್ಟ್ ಪ್ರವೇಶಿಸಿ, 1984ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ 12 ವಿಕೆಟ್ ಪಡೆದರು. 1986ರ ಜನವರಿಯಲ್ಲಿ ಅವರು ಕೊನೆಯ ಟೆಸ್ಟ್ ಆಡಿದಾಗ 20 ತುಂಬಿ ಕೆಲವೇ ದಿನಗಳಾಗಿದ್ದವು. 2018ರಲ್ಲಿ 19ರೊಳಗಿನವರ ವಿಶ್ವಕಪ್ ಗೆದ್ದ ತಂಡಕ್ಕೆ ತರಬೇತುದಾರರಾಗಿದ್ದವರು ದ್ರಾವಿಡ್, ನಾಯಕ ಪೃಥ್ವಿ ಶಾ, ಉಪನಾಯಕ ಶುಭಮನ್ ಗಿಲ್. ಅದೇ ವರ್ಷ ಶಾ ಅವರು ರಾಜಕೋಟೆಯಲ್ಲಿ ಚೊಚ್ಚಲ ಟೆಸ್ಟಿನಲ್ಲೇ 134 ಓಟ ಗಳಿಸಿದರು. ಗಿಲ್ ಅವರು ಪಂಜಾಬಿನ ಪರವಾಗಿ, ಭಾರತ 'ಎ' ತಂಡದ ಪರವಾಗಿ ಮತ್ತೆರಡು ವರ್ಷ ಆಡಿದರು. 2020ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟಿನ ನಂತರ ಶಾ ಅವರನ್ನು ಕೈಬಿಟ್ಟಾಗ, ಮೆಲ್ಬರ್ನಿನಲ್ಲಿ ಟೆಸ್ಟ್ ಪ್ರವೇಶಿಸಿದವರು ಗಿಲ್. 2025ರಲ್ಲಿ ಅವರೇ ಭಾರತದ ಟೆಸ್ಟ್ ನಾಯಕರಾದರು. ಶಾ ಅವರಿಗೂ ವಯಸ್ಸಿದೆ, ಅವರ ಮುಂದೆ ಕುಂಬ್ಳೆಯವರ ಉದಾಹರಣೆಯೂ ಇದೆ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಹಿಂದಿರುಗುವ ಈ ದಾರಿಯನ್ನೇ ಒಂದು ವ್ಯವಸ್ಥೆಯಾಗಿ ಕಟ್ಟಿದ್ದಾರೆ. ಮೇಜರ್ ಲೀಗಿನ ಪ್ರತಿಯೊಂದು ತಂಡದ ಆಶ್ರಯದಲ್ಲಿ ಹಲವು ಹಂತಗಳ ಮೈನರ್ ಲೀಗ್ ತಂಡಗಳಿರುತ್ತವೆ. ಎಳೆಯರು ಅಲ್ಲಿ ಆಡಿ ಮೇಲೇರುತ್ತಾರೆ, ತಡವರಿಸಿದರೆ ಕೆಳಗಿಳಿದು ಮತ್ತೆ ಏರುತ್ತಾರೆ. 1951ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ 19ರ ಮಿಕ್ಕಿ ಮ್ಯಾಂಟಲ್ ಅವರನ್ನು ನಡುಋತುವಿನಲ್ಲಿ ಕಾನ್ಸಾಸ್ ಸಿಟಿಗೆ ಇಳಿಸಿ, ಕೆಲವೇ ವಾರಗಳಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಮುಂದೆ ಅವರು ಆ ಆಟದ ಮಹಾಪುರುಷರಲ್ಲೊಬ್ಬರಾದರು. ಆದರೆ ಅಲ್ಲಿಯೂ ಎಲ್ಲವೂ ನಿರ್ಮಲವಲ್ಲ. ಆಟಗಾರನನ್ನು ಕೆಲವು ದಿನ ತಡವಾಗಿ ಮೇಲೇರಿಸಿದರೆ ಅವನ ಮೇಲಿನ ಒಪ್ಪಂದದ ಹಿಡಿತ ಇನ್ನೊಂದು ವರ್ಷ ಉಳಿಯುತ್ತದೆಂಬ ಲೆಕ್ಕಾಚಾರವನ್ನು ತಂಡಗಳು ಮಾಡುತ್ತವೆಂಬ ಆಕ್ಷೇಪ ಬಹುಕಾಲದ್ದು. 2015ರಲ್ಲಿ ಶಿಕಾಗೊ ಕಬ್ಸ್ ತಂಡದ ಕ್ರಿಸ್ ಬ್ರಯಂಟ್ ಅವರ ವಿಷಯದಲ್ಲಿ ಇದು ದೊಡ್ಡ ವಿವಾದವಾಯಿತು. ತಡೆಯುವವನ ಮನಸ್ಸಿನಲ್ಲಿ ಯಾರ ಹಿತವಿದೆ ಎಂಬುದನ್ನೂ ಕೇಳಬೇಕು.

ವಯಸ್ಸನ್ನೇ ಅಳತೆಗೋಲಾಗಿಸಬಾರದೇ? ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು 2020ರಲ್ಲಿ ಕನಿಷ್ಠ ವಯಸ್ಸನ್ನು 15 ಎಂದು ಗೊತ್ತುಪಡಿಸಿದೆ. ಅಂತಹ ಕೆಳಮಿತಿ ಅಗತ್ಯವೇ. ಆದರೆ ಶಾಲೆಯ ದಾಖಲಾತಿ ಪುಸ್ತಕವನ್ನು ದಶಕಗಳ ಕಾಲ ಬರೆದ ನಮಗೆ ದಾಖಲೆಯ ವಯಸ್ಸಿನ ಸತ್ಯ ಗೊತ್ತು. ನಮ್ಮ ಪೀಳಿಗೆಯ ಎಷ್ಟೋ ಮಂದಿಯ ಜನ್ಮದಿನ ಜೂನ್ 1! ಆಟಕ್ಕಾಗಿ ವಯಸ್ಸನ್ನು ತಗ್ಗಿಸಿ ತೋರಿಸುವ ಕೆಡುಕನ್ನು ದ್ರಾವಿಡ್ ಅವರು 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಕಟುವಾಗಿ ಖಂಡಿಸಿದರು. ಹಿಂದೆ ಶಾಲೆಗಳಲ್ಲಿ ಜಾಣ ಮಕ್ಕಳಿಗೆ ಡಬಲ್ ಪ್ರಮೋಷನ್ ಕೊಟ್ಟು ಒಂದು ತರಗತಿಯನ್ನು ದಾಟಿಸುವ ಪದ್ಧತಿಯಿತ್ತು. ಹಾಗೆ ಹಾರಿದವರಲ್ಲಿ ನಿಂತವರನ್ನೂ ಕುಸಿದವರನ್ನೂ ನಾವು ಕಂಡಿದ್ದೇವೆ. ಬುದ್ಧಿ ಎಲ್ಲರಿಗೂ ಇತ್ತು. ಕುಸಿದವರಿಗೆ ಇಲ್ಲದಿದ್ದುದು, ತಿಳಿಯದೆಡೆಯಲ್ಲಿ ನಾಚಿಕೆಯಿಲ್ಲದೆ ಹಿಂದಿನ ಪಾಠಕ್ಕೆ ಮರಳುವ ಅವಕಾಶ.

ಚರಿತ್ರೆಯಿಂದ ನಾವು ತಲುಪುವ ನಿರ್ಣಯವೂ ಇದೇ. ಬೇಗ ಏರಿದ ಚಂದ್ರಶೇಖರ್ ಉಳಿದರು, ತಡವಾಗಿ ಏರಿದ ದ್ರಾವಿಡ್ ಉಳಿದರು. ಪ್ರಸನ್ನ, ಕುಂಬ್ಳೆ ಏರಿ, ಇಳಿದು, ಮತ್ತೆ ಏರಿದರು. ಇಳಿದು ಬಂದವನಿಗೆ ಕೆಳಗೆ ಗೌರವದ ಸ್ಥಾನವೂ ಕಲಿಯಲು ಕೆಲಸವೂ ಇದ್ದರೆ, ಏರುವ ದಿನ ಸ್ವಲ್ಪ ಹಿಂದುಮುಂದಾದರೂ ಹಾನಿಯಿಲ್ಲ. ಇಳಿಯುವುದೇ ಅವಮಾನವೆನಿಸುವ ಕಡೆ ಎಷ್ಟು ಎಚ್ಚರದಿಂದ ಏರಿಸಿದರೂ ಅಪಾಯವೇ.

ಕರೆಯೇ ಬಾರದವರೂ ಇದ್ದಾರೆ. ಅಮೋಲ್ ಮಜುಂದಾರ್ ಅವರು 1994ರಲ್ಲಿ ಪ್ರಥಮ ರಣಜಿ ಪಂದ್ಯದಲ್ಲೇ 260 ಓಟ ಗಳಿಸಿದರು. ಪ್ರಥಮ ದರ್ಜೆಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಓಟಗಳನ್ನು ಪೇರಿಸಿದರೂ ಭಾರತದ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದಾಗ ಅವರ ತರಬೇತುದಾರರು ಇವರೇ. ಮೇಲಕ್ಕೆ ಕರೆಸಿಕೊಳ್ಳದವರ ವಿದ್ಯೆಯೂ ವ್ಯರ್ಥವಾಗುವುದಿಲ್ಲ.

ವಾಸ್ಕೊ, ಮಡಗಾಂವ, ಮಾಪುಸಾಗಳ ಮೈದಾನಗಳಲ್ಲಿ ಇಂದು ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ ಬ್ಯಾಟು ಹಿಡಿದಿದ್ದಾರೆ. ಅನೇಕರ ತಂದೆತಾಯಿಗಳು ದುಡಿಮೆಯನ್ನರಸಿ ಬಂದವರು. ಮಗನ ಅಥವಾ ಮಗಳ ಒಂದು ಆಯ್ಕೆಪತ್ರದ ಮೇಲೆ ಮನೆಯ ಆಸೆಯೆಲ್ಲ ನಿಂತಿರುತ್ತದೆ. ಅಂತಹ ಪತ್ರ ಬಂದಾಗ ಸಂಭ್ರಮಿಸೋಣ, ಸನ್ಮಾನಿಸೋಣ. ಜೊತೆಗೆ, ಅಲ್ಲಿ ಮಗುವಿಗೆ ಆಡುವ ಅವಕಾಶವಿದೆಯೇ ಅಥವಾ ಕೂರುವ ಬೆಂಚು ಮಾತ್ರವೇ ಎಂದು ವಿಚಾರಿಸೋಣ. ಶಾಲೆಯ ಓದು ನಿಲ್ಲದಂತೆ ನೋಡಿಕೊಳ್ಳೋಣ. ಮುಂದಿನ ವರ್ಷ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ಮಗುವನ್ನು ಸಂಘದ ಕಾರ್ಯಕ್ರಮಕ್ಕೆ ಎಂದಿನಂತೆಯೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸೋಣ. ಆಯ್ಕೆಗಾರರು ನಮ್ಮ ಕೈಯಲ್ಲಿಲ್ಲ. ಇಳಿದು ಬಂದ ಮಗುವನ್ನು ಬರಮಾಡಿಕೊಳ್ಳುವ ಮನೆ ನಮ್ಮ ಕೈಯಲ್ಲಿದೆ.