ಕೊಪ್ಪಳ ಸೀಮೆಯಲ್ಲಿ ಶಿಶುಸೇವೆಯ ಉದ್ಯೋಗಗಳು: ಅರ್ಹತೆ, ಬಡ್ತಿ, ಗೌರವಧನ

ಚಿಕ್ಕ ಮಕ್ಕಳ ಹಾಗೂ ಅವರ ಕುಟುಂಬಗಳ ಯೋಗಕ್ಷೇಮವನ್ನೇ ವೃತ್ತಿಯಾಗಿಸಿಕೊಳ್ಳಬಯಸುವವರಿಗೆ ಕೊಪ್ಪಳ ಜಿಲ್ಲೆಯಲ್ಲಿ ಹಲವು ದಾರಿಗಳಿವೆ. ಅಂಗನವಾಡಿ, ಆರೋಗ್ಯ ಇಲಾಖೆ, ಮಕ್ಕಳ ರಕ್ಷಣಾ ಘಟಕ ಹಾಗೂ ಸ್ವಯಂಸೇವಾ ಸಂಸ್ಥೆಗಳು ಇವುಗಳಲ್ಲಿ ಮುಖ್ಯವಾದವು. ಆದರೆ ಇವುಗಳಲ್ಲಿ ಹೆಚ್ಚಿನವು ಜನರ ಬಾಯಲ್ಲಿ ಸರಕಾರಿ ನೌಕರಿ ಎನಿಸಿಕೊಂಡರೂ ಕಾನೂನಿನ ಕಣ್ಣಿನಲ್ಲಿ ನೌಕರಿಗಳಲ್ಲ. ಅರ್ಜಿ ಹಾಕುವ ಮುನ್ನ ತಿಳಿದಿರಬೇಕಾದ ಮೊದಲ ಸಂಗತಿ ಇದು.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಜಿಲ್ಲೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಕನಕಗಿರಿ, ಕಾರಟಗಿ, ಕುಕನೂರು ನಂತರ ಸೇರಿದವು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 13.9 ಲಕ್ಷ. ಗಂಗಾವತಿ ತುಂಗಭದ್ರೆಯ ನೀರುಂಡ ಭತ್ತದ ನಾಡು. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೇ ನಂಬಿದ ಒಣಭೂಮಿ. ನಾಟಿಯ ಕಾಲದಲ್ಲಿ ನಸುಕಿಗೇ ಗದ್ದೆಗೆ ಹೊರಡುವ ಗಂಗಾವತಿಯ ತಾಯಿಯ ಅಗತ್ಯ ಒಂದು ಬಗೆಯದಾದರೆ, ಸುಗ್ಗಿ ಮುಗಿದೊಡನೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಗುಳೆ ಹೋಗುವ ಕುಷ್ಟಗಿಯ ಕುಟುಂಬದ್ದು ಇನ್ನೊಂದು ಬಗೆಯದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮಗು ಮಾತ್ರ ಊರಲ್ಲಿಲ್ಲದ ತಿಂಗಳುಗಳು ಒಣಭೂಮಿಯ ಕಾರ್ಯಕರ್ತೆಯರಿಗೆ ಹೊಸತಲ್ಲ.

ಈ ಕ್ಷೇತ್ರದ ಬೆನ್ನೆಲುಬು ಅಂಗನವಾಡಿಯೇ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ ಸುಮಾರು 70 ಸಾವಿರ ಕೇಂದ್ರಗಳಿವೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಆಸ್ಪತ್ರೆಗೆ ಶಿಫಾರಸು ಎಂಬ ಆರು ಸೇವೆಗಳ ಭಾರ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಮೇಲಿದೆ. 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರ ಬಿಸಿಯೂಟವನ್ನೂ ಇದಕ್ಕೆ ಸೇರಿಸಿತು. 2021ರಿಂದ ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವ ಕೆಲಸವೂ ಸೇರಿಕೊಂಡಿತು.

ಕಾರ್ಯಕರ್ತೆಯಾಗಲು ದ್ವಿತೀಯ ಪಿಯುಸಿ, ಸಹಾಯಕಿಯಾಗಲು ಎಸ್ಸೆಸ್ಸೆಲ್ಸಿ ತೇರ್ಗಡೆಯಾಗಿರಬೇಕು. ಹಿಂದೆ ಕಾರ್ಯಕರ್ತೆಗೆ ಎಸ್ಸೆಸ್ಸೆಲ್ಸಿಯೇ ಸಾಕಾಗಿತ್ತು. ವಯೋಮಿತಿ ಸಾಮಾನ್ಯವಾಗಿ 19ರಿಂದ 35 ವರ್ಷ. ಅರ್ಜಿದಾರರು ಆಯಾ ಗ್ರಾಮದ ಅಥವಾ ವಾರ್ಡಿನ ನಿವಾಸಿ ಮಹಿಳೆಯೇ ಆಗಿರಬೇಕೆಂಬ ನಿಯಮ ಬಿಗಿಯಾದುದು. ಎಷ್ಟೋ ಅರ್ಜಿಗಳು ಬಿದ್ದುಹೋಗುವುದು ವಾಸಸ್ಥಳದ ಪ್ರಮಾಣಪತ್ರದ ಬಳಿಯೇ. ಲಿಖಿತ ಪರೀಕ್ಷೆ ಇಲ್ಲ. ಪರೀಕ್ಷೆಯ ಅಂಕಗಳ ಆಧಾರದ ಮೇಲೆ ಆಯ್ಕೆಪಟ್ಟಿ ಸಿದ್ಧವಾಗುತ್ತದೆ. ವಿಧವೆಯರು ಮೊದಲಾದ ಕೆಲವು ವರ್ಗದವರಿಗೆ ಆದ್ಯತೆ ಉಂಟು. ಪ್ರಕಟಣೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾ ಕಚೇರಿಯ ವ್ಯಾಪ್ತಿಗನುಗುಣವಾಗಿ ಹೊರಡುತ್ತದೆ, ಅರ್ಜಿ ಆನ್‌ಲೈನ್ ಮೂಲಕ.

ಬಡ್ತಿಯ ಏಣಿ ಇದೆ, ಆದರೆ ಮೆಟ್ಟಿಲುಗಳ ನಡುವಿನ ಅಂತರ ದೊಡ್ಡದು. ಕೇಂದ್ರದ ಸಕ್ಷಮ್ ಅಂಗನವಾಡಿ ಮಾರ್ಗಸೂಚಿಯ ಪ್ರಕಾರ ಐದು ವರ್ಷ ಅನುಭವವಿರುವ ಸಹಾಯಕಿಯರಿಗೆ ಕಾರ್ಯಕರ್ತೆಯ ಸ್ಥಾನಗಳಲ್ಲಿ ಶೇ. 50, ಅಷ್ಟೇ ಅನುಭವವಿರುವ ಕಾರ್ಯಕರ್ತೆಯರಿಗೆ ಮೇಲ್ವಿಚಾರಕಿ ಸ್ಥಾನಗಳಲ್ಲಿ ಶೇ. 50 ಮೀಸಲು. ಮೇಲ್ವಿಚಾರಕಿಯದು ವೇತನ ಶ್ರೇಣಿಯುಳ್ಳ ನಿಜವಾದ ಸರಕಾರಿ ಹುದ್ದೆ. ಕೊಪ್ಪಳ 371(ಜೆ) ವಿಧಿಯ ವ್ಯಾಪ್ತಿಗೆ ಬರುವುದರಿಂದ ಸ್ಥಳೀಯ ವೃಂದದ ‘ಸಿ’ ದರ್ಜೆಯ ನೇಮಕಾತಿಯಲ್ಲಿ ಕಲ್ಯಾಣ ಕರ್ನಾಟಕದವರಿಗೆ ಶೇ. 80 ಮೀಸಲಾತಿ ಸಿಗುತ್ತದೆ. ಅರ್ಹತಾ ಪತ್ರವನ್ನು ಮುಂಚಿತವಾಗಿಯೇ ಮಾಡಿಸಿಟ್ಟುಕೊಳ್ಳುವುದು ಲೇಸು.

ಇನ್ನು ಹಣದ ಮಾತು. 1975ರಲ್ಲಿ ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂ., ಆಗದವರಿಗೆ 100 ರೂ. ಗೌರವಧನ ನಿಗದಿಯಾಗಿತ್ತು. ಅದನ್ನು ‘ಸೇವೆ’ ಎಂದು ಭಾವಿಸಲಾಗಿತ್ತು, ದುಡಿಮೆ ಎಂದಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರವು ಕಾರ್ಯಕರ್ತೆಯ ಮೊತ್ತವನ್ನು 4,500 ರೂ., ಸಹಾಯಕಿಯದನ್ನು 2,250 ರೂ.ಗೆ ಏರಿಸಿತು, ಇದರಲ್ಲೂ ಶೇ. 40 ರಾಜ್ಯದ ಪಾಲು. ರಾಜ್ಯ ಸರಕಾರ ತನ್ನ ಕಡೆಯಿಂದ ಕೂಡಿಸುವ ಹಣದಿಂದಾಗಿ ಕಾರ್ಯಕರ್ತೆಯ ಕೈಗೆ ಬರುವ ಮೊತ್ತ ಹತ್ತು ಸಾವಿರ ದಾಟಿದೆ. 2025ರ ಮುಂಗಡಪತ್ರದಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂ. ಹೆಚ್ಚಳ ಘೋಷಣೆಯಾಯಿತು. ಇಂಥ ಏರಿಕೆಗಳು ತಾವಾಗಿ ಬಂದವಲ್ಲ. 2017ರ ಮಾರ್ಚ್‌ನಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬಂದ ಸಾವಿರಾರು ಮಹಿಳೆಯರು ಬೆಂಗಳೂರಿನ ರಸ್ತೆಯಲ್ಲೇ ಹಗಲಿರುಳು ಕುಳಿತದ್ದು ಬಹುಜನರ ನೆನಪಿನಲ್ಲಿದೆ.

ನ್ಯಾಯಾಲಯದಲ್ಲಿಯೂ ಈ ಪ್ರಶ್ನೆ ಏರಿಳಿತ ಕಂಡಿದೆ. ಕರ್ನಾಟಕದ್ದೇ ಪ್ರಕರಣವೊಂದರಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರು ನಾಗರಿಕ ಸೇವೆಯ ಹುದ್ದೆ ಹೊಂದಿದವರಲ್ಲ ಎಂದು ತೀರ್ಪಿತ್ತಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ, 1972ರ ಕಾಯ್ದೆಯಡಿ ಇವರು ಗ್ರಾಚ್ಯುಯಿಟಿಗೆ ಅರ್ಹರು ಎಂದಿತು. 2013ರ ಆಹಾರ ಭದ್ರತಾ ಕಾಯ್ದೆ ಜಾರಿಗೆ ಬಂದ ಮೇಲೆ ಇವರು ಮಾಡುವುದು ಶಾಸನಬದ್ಧ ಕರ್ತವ್ಯ ಎಂಬುದು ಅಲ್ಲಿನ ವಾದದ ತಿರುಳು.

ಈ ಕೆಲಸದಲ್ಲಿ ತಪ್ಪಿಗೆ ಕ್ಷಮೆ ಕಡಿಮೆ. 2024ರ ಆಗಸ್ಟ್‌ನಲ್ಲಿ ಕಾರಟಗಿ ತಾಲ್ಲೂಕಿನ ಗುಂಡೂರಿನ ಕೇಂದ್ರದಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟು, ಚಿತ್ರೀಕರಿಸಿ, ಮರಳಿ ಎತ್ತಿಕೊಂಡ ದೃಶ್ಯ ರಾಜ್ಯವನ್ನೇ ಕಲಕಿತು, ಸಿಬ್ಬಂದಿ ಅಮಾನತಾದರು. ಆ ಕೃತ್ಯಕ್ಕೆ ಸಮರ್ಥನೆಯಿಲ್ಲ. ಆದರೆ ಮೊಟ್ಟೆಯ ಪೇಟೆದರ ಏರಿ ಅನುದಾನ ತಡವಾದಾಗ ಕೈಯಿಂದ ಹಣ ಹಾಕಬೇಕಾಗುತ್ತದೆ ಎಂಬ ಕಾರ್ಯಕರ್ತೆಯರ ಅಳಲೂ ಹಳೆಯದೇ. ಸೇರಬಯಸುವವರು ಎರಡನ್ನೂ ತಿಳಿದಿರಬೇಕು.

ಆರೋಗ್ಯ ಇಲಾಖೆಯ ಕಡೆ, 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರದು ಪ್ರೋತ್ಸಾಹಧನದ ದುಡಿಮೆ. ಅಂಗನವಾಡಿ, ಶಾಲೆಗಳಿಗೆ ತೆರಳಿ ಮಕ್ಕಳನ್ನು ತಪಾಸಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಗಳಲ್ಲಿ ಆಯುಷ್ ವೈದ್ಯರು, ಶುಶ್ರೂಷಕಿಯರು ಗುತ್ತಿಗೆಯ ಮೇಲೆ ದುಡಿಯುತ್ತಾರೆ. ನವಜಾತ ಶಿಶುಗಳ ಆರೈಕೆಯಲ್ಲಿ ಕೊಪ್ಪಳದ ಹೆಸರು ದೇಶದಾಚೆಗೂ ಹೋಗಿದೆ ಎಂಬುದು ಹಲವರಿಗೆ ತಿಳಿಯದು. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗವಚಿ ಬೆಚ್ಚಗಿಡುವ ‘ಕಾಂಗರೂ ಆರೈಕೆ’ಯನ್ನು ಇಡೀ ಜಿಲ್ಲೆಗೆ ವಿಸ್ತರಿಸುವ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಂದಿಗೆ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಆರೋಗ್ಯ ಇಲಾಖೆ ಇಲ್ಲಿಯೇ ಅಧ್ಯಯನ ಮಾಡಿದವು. ಅದರ ಕೈಕಾಲುಗಳಾದವರು ಜಿಲ್ಲೆಯ ಶುಶ್ರೂಷಕಿಯರು ಮತ್ತು ಆಶಾಗಳು.

ಸಮಾಜಕಾರ್ಯ ಪದವೀಧರರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತಸಮಾಲೋಚಕ, ಸಮಾಜ ಕಾರ್ಯಕರ್ತ, ಕ್ಷೇತ್ರ ಕಾರ್ಯಕರ್ತ ಸ್ಥಾನಗಳುಂಟು; ಇವೂ ಗುತ್ತಿಗೆಯವೇ. ಬಾಲ್ಯವಿವಾಹದ ಕರೆ ಬಂದರೆ ರಾತ್ರಿಯಲ್ಲೂ ಹೊರಡಬೇಕಾದ ಕೆಲಸವಿದು. ಸ್ವಯಂಸೇವಾ ಸಂಸ್ಥೆಗಳಲ್ಲಿ ಸಂಬಳ ಯೋಜನೆಯ ಅವಧಿಗೆ ಕಟ್ಟುಬಿದ್ದಿರುತ್ತದೆ. ಕೊಪ್ಪಳವೂ ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ತಾಯಿ–ಶಿಶು ಆರೋಗ್ಯಕ್ಕೆ ನಡೆದ ‘ಸುಕ್ಷೇಮ’ ಯೋಜನೆ ಅಂಥದ್ದೇ ಆಗಿತ್ತು.

ಅಂಗನವಾಡಿಗೆ ಹೊಸ ಸವಾಲು ಬಂದಿರುವುದು ಶಾಲೆಯ ಕಡೆಯಿಂದ. 2024-25ರಲ್ಲಿ ಕಲ್ಯಾಣ ಕರ್ನಾಟಕದ 1,008 ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವಾದಾಗ, ಮೂರು ವರ್ಷ ದಾಟಿದ ಮಕ್ಕಳು ಅತ್ತ ಹೋದರೆ ತಮ್ಮ ಕೇಂದ್ರಗಳಲ್ಲಿ ಉಳಿಯುವವರು ಯಾರು ಎಂದು ಕಾರ್ಯಕರ್ತೆಯರು ಬೀದಿಗಿಳಿದರು. ಆ ತರಗತಿಗಳನ್ನು ಅಂಗನವಾಡಿಯಲ್ಲೇ ನಡೆಸಬೇಕೆಂಬುದು ಅವರ ಬೇಡಿಕೆ. ಪಿಯುಸಿಯ ಜೊತೆಗೆ ಶಿಶು ಶಿಕ್ಷಣದ ತರಬೇತಿಯನ್ನೂ ಪಡೆದಿರುವ ಅಭ್ಯರ್ಥಿಗೆ ಈ ಎರಡೂ ಕಡೆ ಬಾಗಿಲು ತೆರೆದಿರುವ ಸಂಭವ ಹೆಚ್ಚು.